ಸಕ್ಕರಿ ಸುರುವೂದು ಬಿಡ್ರಿ, ಮೊದಲ ಕಾಳು ನೋಡ್ರಿ

"ಗ್ರ್ಯಾವಿಟಿ ಕಡಿಮಿ ಬಂತೇನ್ರಿ? ಅರ್ಧಾ ಕಿಲೋ ಸಕ್ಕರಿ ಸುರುವಿ ಬಿಡ್ರಿ, ಯಾರಿಗೂ ಗೊತ್ತಾಗಂಗಿಲ್ಲ."

ಇಲ್ಲಿ ಬರ್ಮಿಂಗ್‌ಹ್ಯಾಮಿನಾಗ ಮನ್ಯಾಗ ಬಿಯರ್ ಮಾಡೋ ನಾಕು ಮಂದಿ ಕೂಡಿದ್ರಂದ್ರ ಈ ಮಾತು ಬಂದ ಬರ್ತೈತಿ. ಹೇಳೋವ್ರು ಛಲೋ ಮನಸಿನಿಂದನ ಹೇಳ್ತಾರ, ಅದರಾಗ ಸಂಶಯ ಇಲ್ಲ. ಆದ್ರ ಇದು ಸಲಹಾ ಅಲ್ಲ, ಮುಚ್ಚಿ ಹಾಕೋ ಹಂಚಿಕಿ. ಮಾಳಗಿ ಸೋರಾಕತ್ತೈತಿ ಅಂದ್ರ ಕೆಳಗ ಬೋಗುಣಿ ಇಡ್ರಿ ಅಂದಂಗ. ಬೋಗುಣಿ ಇಡ್ರಿ, ಬ್ಯಾಡ ಅನ್ನಂಗಿಲ್ಲ. ಮರುದಿನ ಮಾಳಗಿ ಹತ್ತಿ ನೋಡೋವ್ರು ಯಾರು? ಯಾರೂ ಹತ್ತಂಗಿಲ್ಲ. ಮುಂದಿನ ಸಲಾನೂ ಅದ ಬೋಗುಣಿ, ಅದ ಸಕ್ಕರಿ.

ಇಲ್ಲಿ ಹೋಳಿಗಿ, ಚಟ್ನಿಪುಡಿ ಸುದ್ದಿ ಓದಾಕ ಬರೋವ್ರಿಗೆ ಮೊದಲ ನಾಕು ಮಾತು ಬಿಡಿಸಿ ಹೇಳತೇನಿ. ಬಿಯರ್ ಹುಟ್ಟೂದು ಕಾಳಿನ ಗಂಜಿಯಿಂದ. ಬಾರ್ಲಿ ನೆನಸಿ, ಮೊಳಕಿ ಬರಿಸಿ, ಒಣಗಿಸಿದ್ರ ಅದು ಮಾಲ್ಟ್. ಅದನ್ನ ಒಡದು 65ರಿಂದ 68 ಡಿಗ್ರಿ ಬಿಸಿ ಇರೋ ನೀರಾಗ ಒಂದು ತಾಸು ಮುಚ್ಚಿಟ್ರ ಕಾಳಿನ ಒಳಗಿನ ಹಿಟ್ಟು ಸಕ್ಕರಿ ಆಗತೈತಿ. ಕೂಸಿಗೆ ಮೊಳಕಿ ರಾಗಿ ಗಂಜಿ ಮಾಡಿದವ್ರಿಗೆ ಇದು ಹೊಸದಲ್ಲ. ಮೊಳಕಿ ಕಟ್ಟಿದ ಹಿಟ್ಟಿನ ಗಂಜಿ ಸಾದಾ ಹಿಟ್ಟಿನಷ್ಟು ಗಟ್ಟಿ ಆಗಂಗಿಲ್ಲ, ತಿಳಿ ಆಗತೈತಿ, ನಾಲಿಗಿಗೆ ತುಸು ಸೀ ಹತ್ತತೈತಿ. ಅಲ್ಲಿ ಕೆಲಸ ಮಾಡೂದೂ, ಇಲ್ಲಿ ಕೆಲಸ ಮಾಡೂದೂ ಮೊಳಕಿಯೊಳಗಿನ ಎಂಜೈಮ್. ಹಿಂಗ ಕಲಸಿಟ್ಟಿದ್ದಕ್ಕ ಮ್ಯಾಶ್ ಅಂತಾರ, ಸೋಸಿ ತಗದ ಸೀ ನೀರಿಗೆ ವರ್ಟ್ ಅಂತಾರ, ಉಳಿದ ಕಾಳಿನ ಮ್ಯಾಲ ಮತ್ತ ಬಿಸಿನೀರು ಹಾಕಿ ತೊಳಕೊಳ್ಳೂದಕ್ಕ ಸ್ಪಾರ್ಜ್ ಅಂತಾರ. ವರ್ಟಿಗೆ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಈಸ್ಟ್ ಹಾಕೂದು. ಈಸ್ಟ್ ಹಾಕೂ ಮೊದಲ ಆ ವರ್ಟ್ ಸಾದಾ ನೀರಿಗಿಂತ ಎಷ್ಟು ಭಾರ ಐತಿ ಅನ್ನೂದ ಸ್ಟಾರ್ಟಿಂಗ್ ಗ್ರ್ಯಾವಿಟಿ. ನೀರು 1.000. ವರ್ಟ್ 1.045 ಬಂದ್ರ 45 ಪಾಯಿಂಟ್ ಅಂತಾರ. ಡಬ್ಬಿಯೊಳಗಿನ ಮಾಲ್ಟ್ ಪಾಕ ತಂದು ಕರಗಿಸೋವ್ರಿಗೆ ಈ ಅಂಕಿ ತಪ್ಪೂದು ಕಡಿಮಿ. ಕಾಳಿನಿಂದನ ಶುರು ಮಾಡೋ ಆಲ್‌ಗ್ರೇನ್ ಮಂದಿಗೆ ಜಗಳ ಇರೂದ ಈ ಅಂಕಿ ಸಂಗಾಟ.

(ಇಂಗ್ಲಂಡಿನಾಗ 1963ರಿಂದ ಮನಿ ಬಳಕಿಗೆ ಬಿಯರ್ ಮಾಡಾಕ ಲೈಸೆನ್ಸ್ ಬೇಕಿಲ್ಲ, ಮಾರೂದು ಮಾತ್ರ ನಡಿಯಂಗಿಲ್ಲ. ಕರ್ನಾಟಕದಾಗ 1965ರ ಅಬಕಾರಿ ಕಾಯ್ದೆ ಐತಿ, ಲೈಸೆನ್ಸ್ ಇಲ್ದ ಮಾಡಂಗಿಲ್ಲ. ಊರಾಗ ಕೂತವ್ರು ಓದ್ರಿ, ಮಾಡಾಕ ಹೋಗಬ್ಯಾಡ್ರಿ.)

ಸಕ್ಕರಿ ಮಂದಿಯ ಬಾಜೂಕ ಇನ್ನೊಂದು ಗುಂಪು ಐತಿ. "ಅಂಕಿ ತಗೊಂಡು ಏನ್ ಮಾಡ್ತೀರಿ, ರುಚಿ ಇದ್ರ ಸಾಕಿಲ್ಲೇನು" ಅನ್ನೋ ಗುಂಪು. ನಾವು ಅಡಿಗಿ ಅಳತಿ ಇಲ್ದನ ಮಾಡೋವ್ರು, ಕೈ ಅಳತಿ ನಮಗ ಸಾಕು, ಹಿಂಗಾಗಿ ಈ ಮಾತು ಕೇಳಾಕ ಹಿತ ಅನಸತೈತಿ. ಆದ್ರ ಸ್ಟೌಟ್ ವಿಷಯದಾಗ ಇದಕ್ಕಿಂತ ಅಡ್ಡ ಮಾತು ಇನ್ನೊಂದಿಲ್ಲ. ಯಾಕಂದ್ರ ಇವತ್ತಿನ ಸ್ಟೌಟ್ ಹುಟ್ಟಿದ್ದ ಅಳತಿಯಿಂದ. ಲಂಡನ್ನಿನ ಪೋರ್ಟರ್ ಮಾಡೋವ್ರು ಮೊದಲ ಕಂದು ಮಾಲ್ಟಿನಿಂದ ಮಾಡ್ತಿದ್ರು. ಜಾನ್ ರಿಚರ್ಡ್‌ಸನ್ ಅನ್ನಾಂವ 1784ರಾಗ ವರ್ಟಿನ ಭಾರ ಅಳಿಯೋ ಸ್ಯಾಕರೋಮೀಟರ್ ಬಗ್ಗೆ ಪುಸ್ತಕ ಬರದ. ಆ ಉಪಕರಣ ವರ್ಟಿನಾಗ ತೇಲಿಬಿಟ್ಟು ನೋಡಿದಾಗ ಬ್ರೂವರ್‌ಗೋಳಿಗೆ ಕಣ್ಣು ತೆರೀತು: ಕಂದು ಮಾಲ್ಟ್ ಅಗ್ಗ ಕಂಡ್ರೂ ಅದರಾಗಿಂದ ಬರೋ ಸತ್ವ ಪೇಲ್ ಮಾಲ್ಟಿಗಿಂತ ಭಾಳ ಕಡಿಮಿ. ಸತ್ವಕ್ಕ ಪೇಲ್ ಮಾಲ್ಟ್ ಹಿಡಿದ್ರು. ಆದ್ರ ಬಣ್ಣಾ? ಮಾಲ್ಟ್ ಬಿಟ್ಟು ಬ್ಯಾರೆ ಬಣ್ಣ ಹಾಕಬಾರದು ಅಂತ 1816ರಾಗ ಕಾಯ್ದೆ ಬಂತು. 1817ರಾಗ ಡ್ಯಾನಿಯಲ್ ವ್ಹೀಲರ್ ಕಾಳು ಕರ್ರಗ ಹುರಿಯೋ ವಿಧಾನಕ್ಕ ಪೇಟೆಂಟ್ ತಗೊಂಡ. ಭಾಳಷ್ಟು ಪೇಲ್ ಮಾಲ್ಟ್, ತುಸು ಕರಿ ಮಾಲ್ಟ್ – ಇವತ್ತಿನ ಸ್ಟೌಟ್ ಕುಂತಿದ್ದು ಇದರ ಮ್ಯಾಲ. ಸ್ಟೌಟ್ ಅಂದ್ರ ಮೂಲಕ್ಕ ಗಟ್ಟಿ ಪೋರ್ಟರ್, ಅಷ್ಟ. ಗಟ್ಟಿ ಅನ್ನೂದನ್ನ ಹೆಸರಿನಾಗ ಹೊತ್ತಿದ್ದಕ್ಕ ಗಟ್ಟಿ ಎಷ್ಟು ಅಂತ ಕೇಳಬ್ಯಾಡ್ರಿ ಅಂದ್ರ ಹ್ಯಾಂಗ್ರಿ? 1880ರಿಂದ 1993ರ ತನಕ ಈ ದೇಶದಾಗ ಬಿಯರ್ ತೆರಿಗಿ ಹಾಕಿದ್ದೂ ಇದ ಸ್ಟಾರ್ಟಿಂಗ್ ಗ್ರ್ಯಾವಿಟಿ ಮ್ಯಾಲ. ಸರಕಾರ ನೂರಾ ಹದಿಮೂರು ವರ್ಷ ನಂಬಿದ ಅಂಕಿಯನ್ನ ನಮ್ಮ ಗ್ಯಾರೇಜಿನ ಶೂರರು ಲೆಕ್ಕಕ್ಕ ತಗೊಳ್ಳಂಗಿಲ್ಲ.

ಈಗ ಲೆಕ್ಕಕ್ಕ ಬರೋಣ, ಜಗಳ ಇರೂದ ಲೆಕ್ಕದಾಗ. 20 ಲೀಟರ್ ಸಾದಾ ಐರಿಶ್ ಸ್ಟೌಟಿಗೆ ನಾವು ಹಾಕೂದು 3 ಕಿಲೋ ಪೇಲ್ ಮಾಲ್ಟ್, 800 ಗ್ರಾಂ ಅವಲಕ್ಕಿ ಹಂಗ ಒತ್ತಿದ ಬಾರ್ಲಿ, 400 ಗ್ರಾಂ ಕರ್ರಗ ಹುರಿದ ಬಾರ್ಲಿ. ಒಂದು ಕಿಲೋ ಪೇಲ್ ಮಾಲ್ಟಿನ ಪೂರಾ ಸತ್ವ 10 ಲೀಟರಿನಾಗ ಇಳಿದ್ರ ಸುಮಾರು 30 ಪಾಯಿಂಟ್ ಬರತಾವ; ಅಂದ್ರ ಕಿಲೋಕ್ಕ 300. ಒತ್ತಿದ ಬಾರ್ಲಿಗೆ 265, ಹುರಿದಿದ್ದಕ್ಕ 215 ಹಿಡೀರಿ. ಕೂಡಿಸಿದ್ರ 900, 212, 86 – ಸುಮಾರು 1200. ಇದು ಚೀಲದಾಗ ಇರೋ ಒಟ್ಟು ಆಸ್ತಿ. ಮನಿ ಪಾತೇಲಿಯೊಳಗ ಪೂರಾ ಆಸ್ತಿ ಯಾರಿಗೂ ಸಿಗಂಗಿಲ್ಲ. ನೂರಕ್ಕ 75 ಸಿಕ್ರ 900 ಪಾಯಿಂಟ್, 20 ಲೀಟರಿಗೆ ಹಂಚಿದ್ರ 45, ಅಂದ್ರ 1.045. ನೂರಕ್ಕ 60 ಸಿಕ್ರ 1.036. ಪಾಕವಿಧಾನ ಬರದಾಂವ ತನ್ನ ಮನ್ಯಾಗ 75 ತಗೀತಾನ, ನೀವು 60 ತಗೀತೀರಿ, ಆಮ್ಯಾಲ "ಗ್ರ್ಯಾವಿಟಿ ಬಿತ್ತು" ಅಂತ ಹಣಿ ಬಡಕೋತೀರಿ. ಬಿದ್ದಿಲ್ಲ. ಉಳಿದ ಸಕ್ಕರಿ ನೀವು ಗೊಬ್ಬರದ ಗುಂಡಿಗೆ ಹಾಕಿದ ಕಾಳಿನಾಗನ ಐತಿ. ಒಂದು ಹಿಡಿ ಬಾಯಾಗ ಹಾಕ್ಕೊಂಡು ನೋಡ್ರಿ, ಇನ್ನೂ ಸೀ ಇದ್ರ ಉತ್ತರ ಅಲ್ಲೇ ಸಿಕ್ಕಂಗ.

ಅದಕ್ಕೂ ಮೊದಲ, ಬಿದ್ದೈತಿ ಅನ್ನೂದಾದ್ರೂ ಖರೇ ಏನು? ನಾನು ಕೇಳಿದ ಅರ್ಧಕ್ಕರ್ಧ ಗೋಳು ಇಲ್ಲೇ ಮುಗೀತಾವ. ಹೈಡ್ರೋಮೀಟರ್ ಮ್ಯಾಲ 20 ಡಿಗ್ರಿ ಅಂತ ಬರದಿರತಾರ, ಕೆಲವದರ ಮ್ಯಾಲ 15.6. ಅಷ್ಟಕ್ಕ ಆರಿದ್ರ ಮಾತ್ರ ಅದು ಖರೇ ಹೇಳತೈತಿ. ಬಿಸಿ ವರ್ಟ್ ತೆಳ್ಳಗ ಇರತೈತಿ. 60 ಡಿಗ್ರಿಯೊಳಗ 1.045 ವರ್ಟ್ ಸುಮಾರು 1.030 ಅಂತ ತೋರಸತೈತಿ. ಹದಿನೈದು ಪಾಯಿಂಟ್! ಇದನ್ನ ನೋಡಿ ಸಕ್ಕರಿ ಡಬ್ಬಿಗೆ ಕೈ ಹಾಕಿದವ್ರನ್ನ ನಾ ಕಣ್ಣಾರೆ ಕಂಡೇನಿ. ಒಂದು ಲೋಟ ವರ್ಟ್ ತಣ್ಣೀರಾಗ ಇಟ್ಟು ಆರಿಸಾಕ ಹತ್ತು ಮಿನಿಟ್ ಸಾಕು. ಹೈಡ್ರೋಮೀಟರನ್ನ ಮೊದಲ ಸಾದಾ ನೀರಾಗ ಬಿಟ್ಟು 1.000 ಬರತೈತೋ ಇಲ್ಲೋ ನೋಡ್ರಿ. ಒಳಗಿನ ಕಾಗದ ಜರಗಿದ್ದೂ ಇರತೈತಿ. ಇನ್ನೊಂದು, ಪಾತೇಲಿಯೊಳಗ ಮೊದಲ ಇಳಿಸಿದ ಗಟ್ಟಿ ವರ್ಟ್ ಕೆಳಗ ಕುಂತಿರತೈತಿ, ಆಮ್ಯಾಲ ತೊಳದು ತಗದ ತೆಳು ನೀರು ಮ್ಯಾಲ. ಸೌಟಿನಿಂದ ಕಲಸಲಾರದ ಮ್ಯಾಲಿಂದು ತಗದು ಅಳದ್ರ ಕಡಿಮಿ ಬರದ ಏನು ಬರಬೇಕು? ಸಾರಿನ ಮ್ಯಾಲಿನ ತಿಳಿ ಕುಡದು ಬ್ಯಾಳಿನ ಹಾಕಿಲ್ಲ ಅಂದಂಗಾತು.

ಆಮ್ಯಾಲ ಲೀಟರ್. ಗ್ರ್ಯಾವಿಟಿ ಒಂದನ್ನ ಬರದಿಟ್ಟು ಲೀಟರ್ ಬರೀಲಿಲ್ಲಂದ್ರ ಅರ್ಧಾ ಪಾವತಿ ಇಟ್ಟುಕೊಂಡಂಗ. ಅದ 900 ಪಾಯಿಂಟ್ 23 ಲೀಟರಿನಾಗ ಇದ್ರ ಅಂಕಿ 1.039. ಒಂದು ತಾಸು ಕುದಿಸಿ 3 ಲೀಟರ್ ಹಬಿ ಆಗಿ ಹೋತಂದ್ರ 1.045 ತಾನ ಬಂತು. ನಮ್ಮ ಪರಿಚಯದವ್ರೊಬ್ರು ಕುದಿಸೂ ಮೊದಲ 1.039 ನೋಡಿ ಗಾಬರ್ಯಾಗಿ ಅರ್ಧಾ ಕಿಲೋ ಸಕ್ಕರಿ ಹಾಕಿದ್ರು. ಕುದ್ದ ಮ್ಯಾಲ 1.054 ಬಂತು. ಕುಡದವ್ರಿಗೆ ತಲಿ ತಿರುಗಿತು, ನಾಲಿಗಿಗೆ ಏನೂ ಸಿಗಲಿಲ್ಲ. ಅವರ ಕಾಳಿನಾಗ, ಕೈಯಾಗ ತಪ್ಪ ಇರಲಿಲ್ಲ. ಸಲಹಾ ಕೊಟ್ಟವ್ರು ಲೀಟರ್ ಎಷ್ಟು ಅಂತ ಕೇಳಲೇ ಇಲ್ಲ.

ಇಷ್ಟೆಲ್ಲಾ ನೋಡಿದ ಮ್ಯಾಲೂ 23 ಲೀಟರಿಗೆ 1.031 ಬಂದ್ರ ಖರೇನ ಸಕ್ಕರಿ ಕಾಳಿನಾಗ ಉಳದೈತಿ. ಆಗ ಯಾರನ್ನ ಹಿಡೀಬೇಕು? ನಾ ಅಂತೂ ಮೊದಲ ಹಿಡಿಯೂದು ಗಿರಣಿ.

ಗಿರಣಿ ವಿಷಯ ನಮಗ್ಯಾರಿಗೂ ಕಲಿಸಬೇಕಿಲ್ಲ. ಜ್ವಾಳ ಡಬ್ಬಿ ತಲಿ ಮ್ಯಾಲ ಹೊತ್ತು ಗಿರಣಿಗೆ ಹೋದ ನಮ್ಮ ಅವ್ವಂದಿರು ಹಿಟ್ಟು ಬೀಳೂ ಕಡೆ ಕೈ ಒಡ್ಡಿ, ಎರಡು ಬಟ್ಟಿನಾಗ ತಿಕ್ಕಿ ನೋಡಿ, "ಏ ತಮ್ಮಾ, ಇನ್ನೂ ಸಣ್ಣಗ ಬೀಸು, ರೊಟ್ಟಿ ಹರೀತಾವ" ಅಂತ ನಿಂತು ಜಗಳಾಡ್ತಿದ್ರು. ಇಲ್ಲಿ ಏನ್ ಮಾಡ್ತೀವಿ? ಅಂಗಡಿಯಿಂದ ಒಡದು ಪಾಕೀಟ ಮಾಡಿದ ಮಾಲ್ಟ್ ತರ್ತೀವಿ, ಪಾಕೀಟ ಹರದು ಸೀದಾ ನೀರಿಗೆ ಸುರುವ್ತೀವಿ. ಕೈಯಾಗ ತಗೊಂಡು ನೋಡೂದೇ ಇಲ್ಲ. ನಾವು ತರೋ ಅಂಗಡಿಯ ಪಾಕೀಟ ಒಮ್ಮೆ ಬಿಳಿ ತಾಟಿನಾಗ ಹರವಿ ಹತ್ತ ಹತ್ತ ಕಾಳು ಎಣಿಸಿದ್ವಿ. ಎರಡು ಮೂರು ಕಾಳು ಹಲ್ಲಿಗೆ ಸಿಗದ ಉಳದಂಗ ಇಡೀ ಇಡೀ. ಇಡೀ ಕಾಳಿನೊಳಗ ನೀರು ಹೋಗಂಗಿಲ್ಲ, ಹಿಟ್ಟು ಹೊರಗ ಬರಂಗಿಲ್ಲ, ಎಂಜೈಮ್ ಹಣಿ ಬಡಕೊಂಡು ಸುಮ್ಮನ ಕುಂದರತೈತಿ. ಹೋಗಿ ಕೇಳಿದ್ರ ಅಂಗಡಿಯವ್ರ ಉತ್ತರ: "ಸಣ್ಣಗ ಒಡದ್ರ ಸೋಸೂ ಮುಂದ ಕಟ್ಟಿಕೋತೈತಿ ಅಂತ ಗಿರಾಕಿ ಬಯ್ತಾರ." ಖರೇ ಇರಬಹುದು. ಆದ್ರ ಆಜೂ ಬಾಜೂ ಸಕ್ಕರಿ, ಮಾಲ್ಟ್ ಪಾಕದ ಡಬ್ಬಿ ಮಾರೋವ್ರಿಗೆ ದಪ್ಪ ಕಾಳಿನಿಂದ ಏನೂ ಲುಕ್ಸಾನಿಲ್ಲ ಅನ್ನೂದೂ ಅಷ್ಟ ಖರೇ.

ಹ್ಯಾಂಗಿರಬೇಕು ಅಂದ್ರ, ಒಂದೂ ಕಾಳು ಇಡಿ ಉಳೀಬಾರದು. ಪ್ರತಿ ಕಾಳು ಮೂರು ನಾಕು ಚೂರಾಗಿರಬೇಕು, ಸಿಪ್ಪಿ ಮಾತ್ರ ಆದಷ್ಟು ಇಡಿ ಇರಬೇಕು. ಯಾಕಂದ್ರ ಸೋಸೂದು ಆ ಸಿಪ್ಪಿಯ ಹಾಸಿಗಿ ಮ್ಯಾಲನ. ರವಾಕ್ಕಿಂತ ದಪ್ಪ, ನುಚ್ಚಿನ ಹಂಗ ಅಂತ ತಿಳಕೊಳ್ಳ್ರಿ. ಉರುಳಿ ಗಿರಣಿ ಮನ್ಯಾಗ ಇದ್ರ ಎರಡು ಉರುಳಿಯ ನಡುವಿನ ಸಂದಿ ಸುಮಾರು 1 ಮಿಲಿಮೀಟರ್ ಇಡ್ರಿ, ಅಲ್ಲಿಂದ ತುಸು ತುಸು ಕಡಿಮಿ ಮಾಡಿ ನೋಡ್ರಿ. ಗಿರಣಿ ಇಲ್ದವ್ರು ಅಂಗಡಿಯವ್ರಿಗೆ "ಎರಡು ಸಲ ಹಾಕಿ ಕೊಡ್ರಿ" ಅನ್ರಿ, ಬಾಯಿ ಬಿಟ್ಟು ಕೇಳಾಕ ರೊಕ್ಕ ಹತ್ತಂಗಿಲ್ಲ. ಅರಿವಿ ಚೀಲದಾಗ ಮ್ಯಾಶ್ ಮಾಡೋವ್ರು ಇನ್ನೂ ಸಣ್ಣಗ ಒಡೀಬಹುದು, ಸೋಸೂದು ಚೀಲದ ಕೆಲಸ. ಸಿಪ್ಪಿ ಭಾಳ ಹರೀತಿದ್ರ ಒಂದು ಹಳೇ ಉಪಾಯ ಐತಿ: ಒಡಿಯೂ ಮೊದಲ ಕಾಳಿಗೆ ತುಸು ನೀರು ಚಿಮುಕಿಸಿ ಕೈಯಾಡ್ಸಿ ಹತ್ತು ಮಿನಿಟ್ ಬಿಡೂದು. ಹುಗ್ಗಿಗೆ ಗೋಧಿ ಕುಟ್ಟೂ ಮುಂದ ನೀರು ಚಿಮುಕಸ್ತೀವಲ್ಲ, ಹಂಗ. ಸಿಪ್ಪಿ ಮೆತ್ತಗಾಗಿ ಪುಡಿ ಆಗಂಗಿಲ್ಲ, ಒಳಗಿನ ಹಿಟ್ಟು ಬ್ಯಾರೆ ಆಗತೈತಿ. ಇದನ್ನ ಇಲ್ಲಿ ದೊಡ್ಡ ಸುದ್ದಿ ಮಾಡಿ ಹೇಳ್ತಾರ. ನಮ್ಮ ಅಜ್ಜಿಗೆ ಗೊತ್ತಿತ್ತು.

ಗಿರಣಿ ಬಿಟ್ಟು ಮಂದಿ ಹಿಡಿಯೂದು ಯಾರನ್ನ ಗೊತ್ತೇನು? ಈಸ್ಟನ್ನ. ಈಸ್ಟ್ ಹಾಕೂ ಮೊದಲಿನ ಅಂಕಿಗೆ ಈಸ್ಟ್ ಹ್ಯಾಂಗ ಕಾರಣ ಆಗತೈತ್ರಿ, ಕೂಸು ಹುಟ್ಟೂ ಮೊದಲ ಕೂಸಿನ ಮ್ಯಾಲ ಕಳವಿನ ಆರೋಪ! ಇನ್ನು ಥರ್ಮಾಮೀಟರ್. 66ರ ಬದ್ಲಿ 68 ಇದ್ರ ಬಿಯರಿನ ಮೈ ಬದಲಾಗತೈತಿ, ಈಸ್ಟ್ ತಿಂದ ಮ್ಯಾಲ ಉಳಿಯೋ ಸೀ ಬದಲಾಗತೈತಿ. ಸ್ಟಾರ್ಟಿಂಗ್ ಗ್ರ್ಯಾವಿಟಿ ಅಷ್ಟೇನು ಅಲುಗಾಡಂಗಿಲ್ಲ. ಥರ್ಮಾಮೀಟರ್ ಐದಾರು ಡಿಗ್ರಿ ಸುಳ್ಳು ಹೇಳಿದ್ರ ಮಾತು ಬ್ಯಾರೆ. ಬರ್ಫದ ನೀರಾಗ 0, ಕುದಿಯೋ ನೀರಾಗ 100 ತೋರಸತೈತೇನು ನೋಡಿ ಮುಗಿಸ್ರಿ. ಹೊಸಾದು ಕೊಳ್ಳೂದು ಆಮ್ಯಾಲ.

ಸ್ಟೌಟಿಗೇ ಅಂತ ಇರೋ ತೊಡಕು ಎರಡು ಅದಾವ, ಅವನ್ನ ಯಾರೂ ಹೇಳಂಗಿಲ್ಲ. ಒಂದು ನೀರು. ಬರ್ಮಿಂಗ್‌ಹ್ಯಾಮಿನ ನಳದ ನೀರು 1904ರಿಂದ ವೇಲ್ಸಿನ ಎಲಾನ್ ಕಣಿವಿಯಿಂದ ಬರತೈತಿ. ಮೆದು ನೀರು, ಬ್ಯಾಳಿ ಬೇಗ ಬೇಯೋ ನೀರು. ಲಂಡನ್, ಡಬ್ಲಿನ್ನಿನ ಆಗಿನ ನೀರು ಹಂಗಿರಲಿಲ್ಲ, ನಮ್ಮ ಬೋರಿನ ನೀರಿನ ಹಂಗ ಗಡಸು, ಕ್ಷಾರ ಹೆಚ್ಚು ಇತ್ತು. ಕರ್ರಗ ಹುರಿದ ಕಾಳು ಹುಳಿ. ಗಡಸು ನೀರಿನ ಕ್ಷಾರ ಆ ಹುಳಿಯನ್ನ ತಡೀತೈತಿ. ಅದಕ್ಕ ಕರಿ ಬಿಯರ್ ಆ ಊರುಗೋಳಾಗ ಒಗ್ಗಿತು. ನಮ್ಮ ಮೆದು ನೀರಾಗ ಮ್ಯಾಶಿನ ಪಿಎಚ್ 5.2ಕ್ಕಿಂತ ಕೆಳಗ ಇಳಿಯಾಕ ತಡ ಆಗಂಗಿಲ್ಲ. ಎಂಜೈಮಿಗೆ ಬೇಕಾಗಿದ್ದು 5.2ರಿಂದ 5.6. ಇಂಥಾದ್ರಾಗ "ಬಿಯರಿಗೆ ಜಿಪ್ಸಂ ಹಾಕ್ಲೇಬೇಕು" ಅಂತ ಒಂದು ಚಮಚ ಸುರುವಿಸೋ ಪಂಡಿತರು ಅದಾರ. ಜಿಪ್ಸಂ ಪಿಎಚ್ ಅನ್ನ ಇನ್ನೂ ಇಳಸತೈತಿ! ಬರ್ಟನ್ನಿನ ಬಿಳಿ ಬಿಯರಿನ ಔಷಧ ಸ್ಟೌಟಿಗೆ ಕುಡಿಸಿದ್ರ ಹಿಂಗ ಆಗೂದು. ಹುರಿದ ಬಾರ್ಲಿಯನ್ನ ಮ್ಯಾಶಿನ ಕಡೀ ಹತ್ತು ಹದಿನೈದು ಮಿನಿಟಿಗೆ ಹಾಕ್ರಿ, ಬಣ್ಣ ಬರತೈತಿ, ಎಂಜೈಮಿಗೂ ತ್ರಾಸಿಲ್ಲ. ಇಲ್ಲಾ ಅಡಿಗಿ ಸೋಡಾ ಒಂದೆರಡು ಗ್ರಾಂ ಹಾಕಿ, ಕಲಸಿ, ತುಸು ಆರಿಸಿ ಮತ್ತ ಅಳೀರಿ. ಬೋರಿನ ನೀರಾಗ ಬ್ಯಾಳಿ ಬೇಯಾಕ ಸೋಡಾ ಹಾಕಿದ ಕೈಗೆ ಇದೇನು ಹೊಸದು? ಮತ್ತ ಅಯೋಡಿನ್ ಹನಿ ಹಾಕಿ ಹಿಟ್ಟು ಉಳದೈತೋ ಇಲ್ಲೋ ನೋಡೋವ್ರು ಸ್ಟೌಟಿನ ಕರಿ ವರ್ಟಿನಾಗ ನೀಲಿ ಹುಡುಕಿ ಸುಸ್ತಾಗಬ್ಯಾಡ್ರಿ. ಹುರಿದ ಕಾಳು ಹಾಕೂ ಮೊದಲ, ಬಿಳಿ ಬಶಿ ಮ್ಯಾಲ ನೋಡಿ ಮುಗಿಸ್ರಿ.

ಎರಡನೇದು ಒತ್ತಿದ ಬಾರ್ಲಿ. ಅದರಾಗ ಅಂಟು ಭಾಳ, ಬೀಟಾ ಗ್ಲೂಕಾನ್ ಅಂತಾರ. ಸ್ಟೌಟಿನ ನುಣುಪು ಅದರಿಂದನ, ಸೋಸೂ ಮುಂದ ಕಟ್ಟಿಕೊಳ್ಳೂದೂ ಅದರಿಂದನ. ಕಟ್ಟಿಕೊಂಡಾಗ ಸ್ಪಾರ್ಜ್ ನೀರು ಒಂದ ಸಂದಿ ಹುಡುಕ್ಕೊಂಡು ಸರ್ರಂತ ಇಳಿದು ಹೋಗತೈತಿ, ಉಳಿದ ಕಾಳಿನ ಸಕ್ಕರಿ ತೊಳಿಯೂದೇ ಇಲ್ಲ. ಅದಕ್ಕ ಮೊದಲ 40–45 ಡಿಗ್ರಿಯೊಳಗ ಹದಿನೈದಿಪ್ಪತ್ತು ಮಿನಿಟ್ ನೆನಸಿ ಆಮ್ಯಾಲ ಬಿಸಿ ಏರಸ್ರಿ. ಇಲ್ಲಾ ಒಂದೆರಡು ಹಿಡಿ ಭತ್ತದ ಹೊಟ್ಟು ಕಲಸ್ರಿ. ಸ್ಪಾರ್ಜಿಗೆ ಅವಸರ ಮಾಡಬ್ಯಾಡ್ರಿ. ನಮ್ಮ 4.2 ಕಿಲೋ ಕಾಳು ಸುಮಾರು 4 ಲೀಟರ್ ವರ್ಟ್ ಹೀರಿಕೊಂಡು ಕುಂತಿರತೈತಿ, ಅದೂ ಮೊದಲಿನ ಗಟ್ಟಿ ವರ್ಟ್. 12 ಲೀಟರಿನಾಗ ಮ್ಯಾಶ್ ಮಾಡಿದ್ರ ಇಳಿಯೂದು 8. ಆಮ್ಯಾಲ 75 ಡಿಗ್ರಿ ನೀರು 15 ಲೀಟರ್, ಎರಡು ಸಲಕ್ಕ ಹಂಚಿ, ಪ್ರತಿ ಸಲ ತಳದಿಂದ ಕಲಸಿ, ಹತ್ತು ಮಿನಿಟ್ ಬಿಟ್ಟು ಸಾವಕಾಶ ಇಳಸ್ರಿ. ತೊಗರಿಬ್ಯಾಳಿ ಕಟ್ಟು ಬಸಿಯೋ ತಾಳ್ಮಿ ಸಾಕು. ಟಿವಿಯೊಳಗ ಮ್ಯಾಚ್ ಶುರು ಆತು ಅಂತ ನಳ ಪೂರಾ ತೆರದು ಬಿಡೋ ಗಂಡಸ್ರಿಗೆ (ನಮ್ಮನಿಯವ್ರನ್ನೂ ಹಿಡಿದು) ಇದನ್ನ ಎಷ್ಟ ಸಲ ಹೇಳಿದ್ರೂ ಕಡಿಮಿನ.

ಸಕ್ಕರಿಗೆ ನಾ ಯಾಕ ಇಷ್ಟು ವಿರೋಧ ಅಂದ್ರ, ಈಸ್ಟ್ ಅದನ್ನ ಪೂರಾ ತಿಂದು ಹಾಕತೈತಿ. ಅಂಕಿ ಏರತೈತಿ, ಅಮಲು ಏರತೈತಿ, ಬಾಯಾಗ ಏನೂ ಉಳಿಯಂಗಿಲ್ಲ. ಮಾಲ್ಟಿನಿಂದ ಬಂದ ಸಕ್ಕರಿಯೊಳಗ ಈಸ್ಟ್ ಬಿಟ್ಟು ಹೋಗೋ ಪಾಲು ಇರತೈತಿ, ಸ್ಟೌಟಿನ ಮೈ ಅಂದ್ರ ಅದ. ಹೈಡ್ರೋಮೀಟರಿಗೆ ಎರಡೂ ಒಂದ, ಬಾಯಿಗೆ ಅಲ್ಲ. ಆ ದಿನ ಕೈ ಮೀರಿ 1.031ರಾಗ ನಿಂತ್ರಿ, ಏನರ ಮಾಡಲೇಬೇಕು ಅಂದ್ರ ಅರ್ಧಾ ಕಿಲೋ ಒಣ ಮಾಲ್ಟ್ ಪುಡಿ ಹಾಕ್ರಿ, ಅದಕ್ಕ ನನ್ನ ತಕರಾರಿಲ್ಲ. ಅಥವಾ ಕುದಿಸಿ ಕುದಿಸಿ 16 ಲೀಟರಿಗೆ ತರ್ರಿ. 4 ಲೀಟರ್ ಹೋಗತೈತಿ, 1.045 ಸಿಗತೈತಿ. ಅಥವಾ ಏನೂ ಮಾಡಬ್ಯಾಡ್ರಿ! ಐರಿಶ್ ಸ್ಟೌಟಿನ ಮಿತಿ ಸ್ಪರ್ಧಾ ತೀರ್ಪುಗಾರರ ಪುಸ್ತಕದಾಗ 1.036ರಿಂದ 1.044. ಕುದ್ದ ಮ್ಯಾಲ ನಿಮ್ಮದು 1.036 ಬರತೈತಿ, ಅಂದ್ರ ಅದೂ ಸ್ಟೌಟ. ಹಗುರ ಸ್ಟೌಟ್. ಅಂಕಿ ಬ್ಯಾಡ ಅನ್ನೋ ಗುಂಪು ಇಲ್ಲಿ ಮೀಸಿ ತಿರುವಬ್ಯಾಡ್ರಿ. ಇದು ಕುಡಿಯೋ ಹಂಗ ಐತಿ ಅಂತ ಧೈರ್ಯ ಹೇಳಿದ್ದೂ ಅಂಕಿನ.

ನಮ್ಮ ಮನಿ ನೋಟ್‌ಬುಕ್ಕಿನಾಗ ಈಗ ಪ್ರತಿ ಸಲ ಮೂರು ಅಂಕಿ ಬೀಳತಾವ: ಕುದಿಸೂ ಮೊದಲಿನ ಲೀಟರ್, ಆರಿಸಿ ಅಳದ ಗ್ರ್ಯಾವಿಟಿ, 1200ರಾಗ ಎಷ್ಟು ಸಿಕ್ಕಿತು. ನಮಗ ನೂರಕ್ಕ 70 ಆಸುಪಾಸು ಬರತೈತಿ. 80 ಬರತೈತಿ ಅಂತ ಎದಿ ಉಬ್ಬಿಸೋವ್ರ ಮುಂದ ಇದು ಸಣ್ಣದ. ಆದ್ರ ಪ್ರತಿ ಸಲ 70 ಬರತೈತಿ ಅಂತ ಗೊತ್ತಿದ್ದಾಂವ ಕಾಳು ತೂಗೂ ಮುಂದನ ಕಾಲು ಕಿಲೋ ಹೆಚ್ಚು ತೂಗತಾನ, ಒಮ್ಮೆ 80 ಒಮ್ಮೆ 60 ಬರೋನು ಪ್ರತಿ ಸಲ ಸಕ್ಕರಿ ಡಬ್ಬಿ ಬಾಜೂಕ ಇಟ್ಕೊಂಡು ಕುಂದರತಾನ. ಹಂಗ, ಈ ಚಳಿಗಾಲಕ್ಕ 1.090ರ ಇಂಪೀರಿಯಲ್ ಸ್ಟೌಟ್ ಮಾಡತೇನಿ ಅಂತ ಹೊಂಟವ್ರಿಗೆ ಒಂದು ಮಾತು: ಕಾಳು ದುಪ್ಪಟ್ಟಾಗತೈತಿ, ತೊಳಿಯಾಕ ನೀರು ಮೊದಲಿನಷ್ಟ ಇರತೈತಿ, ಹಿಂಗಾಗಿ ನಿಮ್ಮ 70 ಅಲ್ಲಿ 70 ಇರಂಗಿಲ್ಲ. 60 ಅಂತ ಹಿಡದ ಕಾಳು ಬರಸ್ರಿ. ಅಂಗಡಿಯವ್ರಿಗೆ ಎರಡು ಸಲ ಗಿರಣಿಗೆ ಹಾಕಾಕ ಹೇಳೂದು ಮರೀಬ್ಯಾಡ್ರಿ, ಪಾಕೀಟ ಕಟ್ಟೂ ಮೊದಲ ಒಂದು ಹಿಡಿ ಅಂಗೈ ಮ್ಯಾಲ ಹಾಕಿಸಿಕೊಂಡು ನೋಡ್ರಿ.